ವಾಪಸ್ ತಗೋತೀವಿ

ದಾಜಿಬಾನ ಪೇಟ್ಯಾಗ ನಂದೊಂದು ಅಂಗಡಿ.
ಹತ್ತು ಫೂಟಿನ ಅಗಲ, ಇಪ್ಪತ್ತೆರಡು ಗಾಜಿನ ಪೆಟಿಗಿ,
ದಿನಾ ಪೂರ್ತಿ ಗುಳುಗುಳು ಅನ್ನೋ ಗಾಳಿಮೋಟರು.
ಕರೆಂಟ್ ಹೋದಾಗ ಮಾತ್ರ ಗೊತ್ತಾಕ್ಕೈತಿ
ಅಂಗಡಿಗೂ ಒಂದು ಉಸಿರಿತ್ತು ಅಂತ.

ಮೊನ್ನೆ ಮಂಗಳವಾರ, ಶಟರ್ ಇನ್ನೂ ಅರ್ಧಾ ಎತ್ತಿದ್ದೆ,
ಕುಸುಗಲ್ಲ ಕಡಿಂದ ಯಮನೂರಪ್ಪ ಅಂಬಿಗೇರ ಬಂದ.
ಕೈಯಾಗ ಬಣ್ಣದ ಖಾಲಿ ಡಬ್ಬಿ, ಮ್ಯಾಲೆ ಹಸಿ ಗೋಣಿಚೀಲ.
"ಬಾಬಾಜಾನ್, ನಿನ್ನ ಮಾಲು ನೋಡ್ಕೋ" ಅಂದ.

ಗೋಣಿ ಸರಿಸಿದೆ.
ಮೊಳದುದ್ದ, ಕರೀ ಮೈ, ಕಬ್ಬಿಣದಂಥಾ ಚಿಪ್ಪು,
ಹೊಟ್ಟಿ ಕೆಳಗಿನ ಬಾಯಿ ಡಬ್ಬಿಯ ತಳಕ್ಕ ಹತ್ತಿಸಿಕೊಂಡು
ಕುಂತೈತಿ.
ಕೆರಿ ಬಿಟ್ಟು ಎರಡು ತಾಸಾತಂತ, ಹನಿ ನೀರಿಲ್ಲ.
ಸತ್ತಿಲ್ಲ.

ಗುರುತು ಹಿಡದೆ. ಹೆಂಗ ಹಿಡಿಯಲಿಕ್ಕಿಲ್ಲ?
ಬೆರಳಷ್ಟು ಇದ್ದಾಗ
ನಾನ ಪ್ಲಾಸ್ಟಿಕ್ ಚೀಲದಾಗ ಹಾಕಿ, ರಬ್ಬರ್ ಸುತ್ತಿ ಕೊಟ್ಟದ್ದು:
"ಗಾಜಿನ ಪಾಚಿ ತಿಂತೈತ್ರಿ. ಮನೀ ಆಳಿದ್ದಂಗ,
ಪಗಾರ ಇಲ್ಲ, ಸೂಟಿ ಇಲ್ಲ. ಮೂವತ್ತು ರೂಪಾಯಿ."
ವಿದ್ಯಾನಗರದವ್ರು ಒಯ್ದ್ರು, ಕೇಶ್ವಾಪುರದವ್ರು ಒಯ್ದ್ರು,
ವರ್ಷ ತುಂಬೂದ್ರಾಗ ತಿರುಗಿ ಬಂದು ಕೇಳಿದ್ರು:
"ಭಾಳ ಬೆಳದೈತ್ರಿ, ಪೆಟಿಗ್ಯಾಗ ಹಿಡಿಯೂದಿಲ್ಲ, ಏನ್ಮಾಡೂಣು?"
ಆಗ ನಾನಂದೆ
(ಈಗ ಹೇಳಾಕ ನಾಲಗಿ ಹೊಳ್ಳೂದಿಲ್ಲ)
"ಕೆರಿಗೆ ಬಿಟ್ಟುಬಿಡ್ರಿ. ಪುಣ್ಯ ಬರ್ತೈತಿ."

ಯಮನೂರಪ್ಪ ಬೈಲಿಲ್ಲ. ಬೈದಿದ್ರ ಚಲೋ ಇತ್ತು.
ಹೆಗಲ ಮ್ಯಾಲಿನ ಬಲಿ ತಗದು ಕಟ್ಟಿ ಮ್ಯಾಲೆ ಹಾಸಿದ,
ಕೂಸಿನ ತಲಿ ಹಾಯುವಂಥಾ ತೂತು, ಒಂದಲ್ಲ.
"ಕೊರವ ಕಾಣೂದಿಲ್ಲ. ಗೆಂಡಿ ತತ್ತಿ ಇಟ್ಟಲ್ಲೇ ನೆಕ್ಕಿ ಬಿಡ್ತಾವ.
ಒಡ್ಡಿನ ಮಣ್ಣಾಗ ತೋಳುದ್ದ ಬಿಲ ಕೊರದಾವ,
ಮಳಿ ಜೋರು ಬಂದ್ರ ಒಡ್ಡು ನಿಂದರತೈತೋ ಇಲ್ಲೋ.
ಹೋದ ವಾರ ಒಂದು ಕೊಕ್ಕರಿ ನುಂಗಿತ್ತು,
ಗಂಟಲಾಗ ಇದು ರೆಕ್ಕಿಮುಳ್ಳು ಬಿಚ್ಚಿತು.
ಎರಡೂ ಕೂಡೇ ಸತ್ತು ಬಿದ್ದಿದ್ವು."

ಐತವಾರ ಅಂಗಡಿ ಬಂದ್ ಮಾಡಿ ಹೋದೆ.
ಬ್ಯಾಸಗಿ ಕೆರಿ, ಮೊಣಕಾಲುದ್ದ ನೀರು, ತೊಡಿತನಕ ರಾಡಿ.
ಕಾಯಿದೆ ಸರಳ: ಗೆಂಡಿ ಬಿದ್ರ ನೀರಿಗೆ, ಇದು ಬಿದ್ರ ಡಬ್ಬಿಗೆ.
ಲೆಕ್ಕಾ ಇಡಾಕ ಅವನ ಮಗಳು ರೇಣವ್ವ,
ಐದನೇತ್ತಾ, ಒಡ್ಡಿನ ಕಲ್ಲ ಮ್ಯಾಲೆ ಇದ್ದಲಿ ಗೆರಿ ಎಳಕೋತ ಕೇಳಿದಳು:
"ಕಾಕಾ, ಇದರ ಊರು ಯಾವುದು?"
"ಸಮುದ್ರದಾಚಿ. ಅಲ್ಲೊಂದು ಭಾಳ ದೊಡ್ಡ ಹೊಳಿ ಐತಿ."
"ಅಲ್ಲಿ ಇದನ್ನ ತಿನ್ನೋರು ಇಲ್ಲೇನು?"
"ಅದಾರ."
"ಮತ್ತ ಅವರನ್ನೂ ಯಾಕ ತರಲಿಲ್ಲ?"
ನಾನು ರಾಡ್ಯಾಗ ಕೈ ಹಾಕಿದೆ,
ಏನೋ ಸಿಕ್ಕಂಗ ಮಾಡಿದೆ.

ನೂರಾ ಎಪ್ಪತ್ತೆರಡು ಗೆರಿ.
ಜಾಲಿ ಬುಡಕ್ಕ ತೆಗ್ಗು, ಎರಡು ಪುಟ್ಟಿ ಸುಣ್ಣ.
ಎತ್ತಿ ಹಾಕುವಾಗ ಒಂದು
ನನ್ನ ಅಂಗೈಗೆ ಬಾಯಿ ಹಚ್ಚಿ ಬಿಡಲಿಲ್ಲ.
ಗಾಜು ಅಂತ ತಿಳದಿತ್ತೇನೋ.
ಪಾಚಿ ಹುಡುಕಾಕ ಹತ್ತಿತ್ತು.
ಅದರ ತಪ್ಪೇನೈತಿ? ಕಲಿಸಿದ ಕೆಲಸ ಮಾಡತಿತ್ತು.
ಬೆರಳು ತೂರಿಸಿ ಬಿಡಿಸಿದೆ.
ಊಟದ ಹೊತ್ತಿಗೂ ಅಂಗೈಯಾಗ ದುಂಡನೇ ಕೆಂಪು.

ಈಗ ಅಂಗಡಿ ಮುಂದ ಒಂದು ಬೋರ್ಡ್ ಐತಿ:
"ದೊಡ್ಡವಾದ ಮೀನು, ಆಮಿ ವಾಪಸ್ ತಗೋತೀವಿ.
ರೊಕ್ಕ ಕೊಡೂದಿಲ್ಲ. ಏನೂ ಕೇಳೂದಿಲ್ಲ."
ಮೊದಲ ಹದಿನೈದು ದಿನ ಯಾರೂ ಬರಲಿಲ್ಲ.
ಆಮ್ಯಾಲೆ ಒಬ್ಬರು, ರಾತ್ರಿ ಒಂಬತ್ತಕ್ಕ,
ಬಕೀಟಿಗೆ ಟಾವೆಲ್ ಮುಚ್ಚಿಕೊಂಡು, ಕಳ್ಳರಂಗ.
"ಪುಣ್ಯ ಬರ್ತೈತಿ ಅಂದಿದ್ರಿ ನೀವು?"
"ಅಂದಿದ್ನಿ" ಅಂದೆ, ಬಕೀಟ್ ಇಸಕೊಂಡೆ.
ಹಿಂದಿನ ಪೆಟಿಗಿ ತುಂಬೈತಿ. ಇನ್ನೊಂದು ತರಬೇಕು.

ಶ್ರಾವಣದಾಗ ಯಮನೂರಪ್ಪ ಮತ್ತ ಬಂದ.
ಅದ ಡಬ್ಬಿ, ಅದ ಗೋಣಿ. ನನ್ನ ಎದಿ ಧಸಕ್ ಅಂತು.
ಈ ಸಲ ನೀರಿತ್ತು.
ನೀರಾಗ ಎರಡು ಗೆಂಡಿಮರಿ, ಬೆಳ್ಳಿ ಚೂರಿನಂಥಾವು,
ಒಂದರ ಹಿಂದೊಂದು ಸುತ್ತಾಕತ್ತಿದ್ವು.
ಎಷ್ಟಕ್ಕ ಕೊಡ್ತಿ ಅಂತ ಬಾಯಿಗೆ ಬಂದಿತ್ತು, ಚಾಳಿ.
"ಮಾರಾಕಲ್ಲೋ" ಅಂದ ಯಮನೂರಪ್ಪ,
"ನೀ ನೋಡಲಿ ಅಂತ ತಂದೀನಿ.
ಸಂಜಿ ಬಸ್ಸಿಗೆ ವಾಪಸ್."